ಬೇಟೆಯವರ ಬೂಟು, ಬೇಟೆ ಆಡದವನ ಕಾಲು

ಮೊದಲೇ ಹೇಳಿಬಿಡ್ತೀನಿ, ನಾನು ಬೇಟೆಗಾರ ಅಲ್ಲ. ಸೊಳ್ಳೆ ಬಿಟ್ಟರೆ ಈವರೆಗೆ ಏನನ್ನೂ ಕೊಂದವನಲ್ಲ (ಇಲ್ಲಿಯ ಕರಿನೊಣಗಳನ್ನ ಲೆಕ್ಕಕ್ಕೆ ಹಿಡಿಯಬೇಡಿ, ಮೇ ತಿಂಗಳಲ್ಲಿ ಇಲ್ಲಿಗೆ ಬಂದು ನೋಡಿದರೆ ನೀವೂ ನನ್ನ ಪಕ್ಷ ವಹಿಸ್ತೀರಿ). ಮನೆಗೆ ಮೊಟ್ಟೆ ಕೂಡ ತರಲ್ಲ. ಆದರೂ ಒಂಬತ್ತು ವರ್ಷದಿಂದ ನನ್ನ ಕಾಲಲ್ಲಿರೋದು ಬೇಟೆಯವರ ಬೂಟು. ಊರಿಗೆ ಹೋದಾಗ ಯಾರಾದ್ರೂ ಫೋಟೋ ನೋಡಿ "ಏನೋ ಇದು, ಮಿಲ್ಟ್ರಿ ಸೇರಿದ್ಯಾ?" ಅಂತ ಕೇಳಿದರೆ ಇಷ್ಟುದ್ದದ ಕತೆ ಹೇಳಬೇಕಾಗುತ್ತೆ. ಹಾಗಾಗಿ ಇಲ್ಲೇ ಬರೆದಿಟ್ಟುಬಿಡೋಣ ಅಂತ.

ನಾನಿರೋದು ಮೇಯ್ನ್ ರಾಜ್ಯದಲ್ಲಿ. ಅಮೆರಿಕದ ನಕ್ಷೆ ಹರವಿಕೊಂಡರೆ ಬಲಗಡೆ ಮೇಲ್ತುದಿಯಲ್ಲಿ ಕೆನಡಾದೊಳಕ್ಕೆ ಮೂಗು ತೂರಿಸಿಕೊಂಡು ಕೂತಿದೆಯಲ್ಲ, ಅದೇ. ಎತ್ತ ನೋಡಿದರೂ ಕಾಡು. ಜಮೀನು ಮತ್ತು ಕಾಡಿನ ಸರ್ವೆ ಮಾಡೋ ಸಣ್ಣದೊಂದು ಕಂಪನಿಯಲ್ಲಿ ನನ್ನ ಕೆಲಸ. ವಾರಕ್ಕೆ ಮೂರು ದಿನ ಕಂಪ್ಯೂಟರ್ ಮುಂದೆ, ಎರಡು ದಿನ ಕಾಡಲ್ಲಿ. ಕಾಡಲ್ಲಿ ಅಂದರೆ ಬೋರ್ಡು ಹಾಕಿ, ಮರಕ್ಕೆ ಬಣ್ಣ ಬಳಿದು ಇಟ್ಟಿರೋ ದಾರಿಯಲ್ಲಿ ಅಲ್ಲ. ಯಾರೋ ಇನ್ನೂರು ವರ್ಷದ ಹಿಂದೆ ಹೊಲದ ಸುತ್ತ ಕಟ್ಟಿ ಬಿಟ್ಟುಹೋದ ಕಲ್ಲಿನ ಪಾಗಾರ ಹುಡುಕಿಕೊಂಡು, ನೆಲದಲ್ಲಿ ಹೂತ ಕಬ್ಬಿಣದ ಗೂಟ ಹುಡುಕಿಕೊಂಡು, ಜೌಗು, ಮುಳ್ಳು, ಬಿದ್ದ ಮರ, ಪಾಚಿ ಹಿಡಿದ ಗ್ರಾನೈಟ್ ಬಂಡೆ ಎಲ್ಲ ದಾಟಿಕೊಂಡು ಹೋಗಬೇಕು. ಹೊಲ ಮಾಡಿದವರು ಪಶ್ಚಿಮಕ್ಕೆ ಹೋದರು, ಹೊಲ ಮತ್ತೆ ಕಾಡಾಯ್ತು, ಗೋಡೆ ಮಾತ್ರ ಉಳೀತು. ಆ ಗೋಡೆಗೆ ಕಾಲು ಕೊಟ್ಟರೆ ಕಲ್ಲು ಉರುಳುತ್ತೆ. ಹಿಮ್ಮಡಿಯ ಮೇಲಿನ ಗಂಟನ್ನ ಗಟ್ಟಿಯಾಗಿ ಹಿಡಿದುಕೊಳ್ಳೋ ಬೂಟು ಇಲ್ಲದಿದ್ದರೆ ಅವತ್ತಿನ ಕೆಲಸ ಮುಗೀತು.

ಚಾರಣದ ಬೂಟು ಸಾಲದಾ ಅಂದರೆ, ಅದು ದಾರಿ ಇರೋ ಕಡೆ ನಡೆಯೋರಿಗೆ ಮಾಡಿದ್ದು. ಬೇಟೆಯವರು ಹೋಗೋದು ಪ್ರಾಣಿ ಹೋದಲ್ಲಿಗೆ. ಪ್ರಾಣಿಗೂ ನಮ್ಮ ಗಡಿಕಲ್ಲಿಗೂ ದಾರಿಯ ಹಂಗಿಲ್ಲ. ಅದಕ್ಕೇ ಬೇಟೆ ಬೂಟು ಎಂಟರಿಂದ ಹತ್ತು ಇಂಚು ಎತ್ತರ, ಚರ್ಮ ದಪ್ಪ, ನೀರು ಒಳಗೆ ಬಾರದ ಹಾಗೆ ಕಟ್ಟಿದ್ದು. ಜೊತೆಗೆ ಒಂದು ವಿಚಿತ್ರ ಬೇಡಿಕೆ ಇದೆ ಅದಕ್ಕೆ. ಬೇಟೆಗಾರ ಬೆಳಗಿನ ಜಾವ ಮೂರು ಮೈಲಿ ನಡೀತಾನೆ, ಬೆವರ್ತಾನೆ. ಆಮೇಲೆ ಮರದ ಬುಡದಲ್ಲಿ ನಾಲ್ಕು ಗಂಟೆ ಅಲ್ಲಾಡದೆ ಕೂರ್ತಾನೆ. ನಡೆಯೋಕೆ ಹಗುರ, ತಂಪು ಬೇಕು. ಕೂರೋಕೆ ಬೆಚ್ಚಗೆ ಬೇಕು. ಎರಡೂ ಒಂದೇ ಬೂಟಲ್ಲಿ ಆಗೋ ಮಾತಲ್ಲ. ಅದಕ್ಕೆ ಒಳಗೆ ಥಿನ್ಸುಲೇಟ್ ಅನ್ನೋ ಸಣ್ಣ ಎಳೆಗಳ ಹಾಸು ಹಾಕ್ತಾರೆ, 200 ಗ್ರಾಂ, 400, 800, 1000 ಹೀಗೆ. ಈ ಗ್ರಾಂ ಬೂಟಿನ ತೂಕ ಅಲ್ಲ, ಒಂದು ಚದರ ಮೀಟರ್ ಹಾಸಿನ ತೂಕ. ನಡೆಯೋರಿಗೆ 200 ಅಥವಾ ಏನೂ ಇಲ್ಲದ್ದು, ಕೂರೋರಿಗೆ 800, 1000.

ಇನ್ನು ಎಷ್ಟು ವರ್ಷ ಬಾಳಿಕೆ ಬರುತ್ತೆ ಅನ್ನೋ ಪ್ರಶ್ನೆ. ಇಲ್ಲಿ ಯಾರನ್ನ ಕೇಳಿದರೂ "ನನ್ನದು ಹತ್ತು ವರ್ಷ ಬಂತು", "ನಂದು ಹದಿನೈದು" ಅಂತ ಎದೆ ಉಬ್ಬಿಸಿ ಹೇಳ್ತಾರೆ. ಸುಳ್ಳೇನಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮೇಯ್ನ್‌ನಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗೋ ಕಾಲ ಹೆಚ್ಚುಕಡಿಮೆ ನವೆಂಬರ್ ತಿಂಗಳೊಂದೇ. ಭಾನುವಾರ ಇಲ್ಲಿ ಬೇಟೆ ನಿಷಿದ್ಧ (ಹಾಗಾಗಿ ನಮ್ಮಂಥವರು ಆ ತಿಂಗಳು ನೆಮ್ಮದಿಯಾಗಿ ಕಾಡು ಸುತ್ತೋದು ಭಾನುವಾರವೇ). ಕೆಲಸಕ್ಕೆ ಹೋಗೋ ಮನುಷ್ಯ ರಜೆ ಹಾಕಿ ಹೋದರೂ ವರ್ಷಕ್ಕೆ ಹದಿನೈದೋ ಇಪ್ಪತ್ತೋ ದಿನ. ಹತ್ತು ವರ್ಷಕ್ಕೆ 200 ದಿನ. ನಾನು ವರ್ಷಕ್ಕೆ 80 ದಿನ ಹಾಕ್ತೀನಿ. ಅವರ ಹತ್ತು ವರ್ಷ ನನಗೆ ಎರಡೂವರೆ ವರ್ಷ. ಬೇಟೆಗೆ ಜನರನ್ನ ಕರೆದುಕೊಂಡು ಹೋಗೋದನ್ನೇ ಕಸುಬು ಮಾಡಿಕೊಂಡಿರೋ ಗೈಡುಗಳ ಬೂಟು ಎರಡು ಮೂರು ಸೀಸನ್ನಿಗೇ ಕೈಕಾಲು ಬಿಡೋದು ಇದಕ್ಕೇ. ಬೂಟಿಗೆ ಕ್ಯಾಲೆಂಡರ್ ಗೊತ್ತಿಲ್ಲ ಮಾರಾಯ್ರೆ, ಅದಕ್ಕೆ ಗೊತ್ತಿರೋದು ಹೆಜ್ಜೆ ಮತ್ತು ಒದ್ದೆ.

ಚಾರಣದವರು ಸಾಮಾನ್ಯವಾಗಿ ಹೇಳೋ ಲೆಕ್ಕ 500ರಿಂದ 1000 ಮೈಲಿ, ಅಂದರೆ 800ರಿಂದ 1600 ಕಿಲೋಮೀಟರ್. ಅಂಟು ಹಾಕಿ ಕೂಡಿಸಿದ ಬೂಟಿಗೆ ಇದು ಸರಿಯಾಗೇ ಇದೆ. ನನ್ನ ಮೊದಲನೇ ಜೊತೆ ಅದಕ್ಕೂ ಸ್ವಲ್ಪ ಮುಂಚೇನೇ ಕೈಕೊಡ್ತು.

ಅದನ್ನ ಕೊಂಡಿದ್ದು 2016ರ ಸೆಪ್ಟೆಂಬರ್‌ನಲ್ಲಿ, 220 ಡಾಲರ್ ಕೊಟ್ಟು. ಕಂಪನಿ ಹೆಸರು ಬೇಡ ಬಿಡಿ. ನೋಡೋಕೆ ಗಜಗಾಂಭೀರ್ಯ. 2017ರ ನವೆಂಬರ್ ಮೂರನೇ ವಾರ, ಒಂದು ಸೀಡರ್ ಮರದ ಜೌಗಿನಲ್ಲಿ ಗಡಿ ಹಿಡಿದು ಹೋಗ್ತಿದ್ವಿ. ಬೆಳಿಗ್ಗೆ ಮೈನಸ್ ಆರು ಡಿಗ್ರಿ. ಮೇಲೆ ತೆಳ್ಳಗೆ ಐಸು, ಕೆಳಗೆ ಕರಿ ಕೆಸರು. ನಮ್ಮ ಕಡೆ ಗದ್ದೆ ನಾಟಿ ಮಾಡಿದವರಿಗೆ ಗೊತ್ತು, ಕೆಸರು ಕಾಲನ್ನ ಸುಮ್ಮನೆ ಬಿಟ್ಟುಕೊಡಲ್ಲ, ಎಳೆಯುತ್ತೆ. ಎಡಗಾಲು ಎತ್ತಿದೆ. ಕಾಲು ಬಂತು, ಬೂಟಿನ ಮೇಲ್ಭಾಗ ಬಂತು, ಅಟ್ಟೆ ಹಿಮ್ಮಡಿ ಕಡೆಯಿಂದ ಅರ್ಧದವರೆಗೆ ಬಾಯಿ ಬಿಟ್ಟುಕೊಂಡು ಕೆಸರಲ್ಲೇ ಉಳೀತು. ಇನ್ನೊಂದು ಹೆಜ್ಜೆಗೆ ಮುಕ್ಕಾಲು ಕಿತ್ತು ಬಂತು. ಒಳಕ್ಕೆ ನೀರು. ಟ್ರಕ್ ಇದ್ದದ್ದು ಮೂರು ಕಿಲೋಮೀಟರ್ ಹಿಂದೆ.

ಗಡಿಯ ಗುರುತಿಗೆ ಮರಗಳಿಗೆ ಕಟ್ಟೋ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ರಿಬ್ಬನ್ ಇರುತ್ತೆ ನಮ್ಮ ಹತ್ತಿರ. ಅದನ್ನೇ ಎಂಟು ಹತ್ತು ಸುತ್ತು ಸುತ್ತಿ ಅಟ್ಟೆಯನ್ನ ಬಿಗಿದೆ. ಇನ್ನೂರು ಹೆಜ್ಜೆಗೊಮ್ಮೆ ಹರಿಯೋದು, ಮತ್ತೆ ಸುತ್ತೋದು. ಜೊತೆಗಿದ್ದವನು ಮೊದಮೊದಲು ನಕ್ಕ, ಒಂದು ಗಂಟೆ ಆದಮೇಲೆ ನಗು ನಿಲ್ಲಿಸಿ ನನ್ನ ಚೀಲ ಹೊತ್ಕೊಂಡ. ಟ್ರಕ್ಕಿನ ಹೀಟರ್ ಮುಂದೆ ಕಾಲು ಬಿಚ್ಚಿದಾಗ ಎರಡು ಬೆರಳು ಮೇಣದ ಬತ್ತಿ ಥರ ಬೆಳ್ಳಗೆ. ಮುಟ್ಟಿದರೆ ಗೊತ್ತಾಗ್ತಿರಲಿಲ್ಲ. ಮತ್ತೆ ಬಣ್ಣ ಬಂದಾಗ ಆದ ನೋವು ಇದೆಯಲ್ಲ, ಅದನ್ನ ಬರೆಯೋಕೆ ಹೋಗಲ್ಲ. ಬೆರಳು ಉಳೀತು. ಈಗಲೂ ಅಕ್ಟೋಬರ್ ಚಳಿಗೆ ಮೊದಲು ಸುದ್ದಿ ಮುಟ್ಟೋದು ಆ ಎರಡು ಬೆರಳಿಗೇ.

ಗ್ಯಾರಂಟಿ ಒಂದು ವರ್ಷದ್ದು. ಮುಗಿದು ಎರಡು ತಿಂಗಳಾಗಿತ್ತು. ಅಂಗಡಿಯವರಿಗೆ ಬರೆದೆ, ವಿಷಾದ ಅಂತ ಉತ್ತರ ಬಂತು, ಜೊತೆಗೆ ಹೊಸ ಬೂಟಿಗೆ ಶೇಕಡಾ ಹತ್ತು ರಿಯಾಯಿತಿ ಕೂಪನ್ನು! ಕೂಪನ್ ಇನ್ನೂ ಎಲ್ಲೋ ಬಿದ್ದಿರಬೇಕು.

ಚರ್ಮಕ್ಕೆ ಏನೂ ಆಗಿರಲಿಲ್ಲ ಅನ್ನೋದು ನನ್ನ ಹೊಟ್ಟೆ ಉರಿಸಿದ ಸಂಗತಿ. ಹೊಲಿಗೆ ಗಟ್ಟಿ ಇತ್ತು, ಲೇಸು ಹೊಸದರ ಹಾಗಿತ್ತು. ಸತ್ತಿದ್ದು ಅಂಟು ಮಾತ್ರ. ಊರಲ್ಲಾಗಿದ್ದರೆ ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ಕೊಡೆ ಬಿಚ್ಚಿಕೊಂಡು ಕೂರ್ತಿದ್ದ ಚಪ್ಪಲಿ ರಿಪೇರಿಯವನಿಗೆ ಕೊಟ್ಟರೆ ಟಯರ್ ತುಂಡು ಕತ್ತರಿಸಿ, ಮೇಣ ಸವರಿದ ದಾರದಲ್ಲಿ ಹೊಲಿದು, ಮೇಲೆ ನಾಲ್ಕು ಮೊಳೆ ಹೊಡೆದು ಕೊಡ್ತಿದ್ದ. ನಮ್ಮಪ್ಪನ ಚಪ್ಪಲಿಗೆ ಹಾಗೆ ಎಷ್ಟು ಸಲ ಅಟ್ಟೆ ಬದಲಾಗಿತ್ತೋ ಅವರಿಗೇ ಲೆಕ್ಕ ಇರಲಿಲ್ಲ. ನಡೆದರೆ ಮಣ್ಣಿನ ಮೇಲೆ ಲಾರಿ ಹೋದ ಅಚ್ಚು ಬೀಳೋದು!

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಾನು ಅವರನ್ನ ಹೆಸರು ಹಿಡಿದೇ ಕರೀಬೇಕು, ಇಲ್ಲಿ ಹಾಗೇ. ಆದರೆ ಮನಸ್ಸಲ್ಲಿ ಅಜ್ಜ ಅಂತಲೇ. ಕಾಲು ಕುಂಟಿಕೊಂಡು ಬಂದ ದಿನ ನನ್ನ ಬೂಟು ನೋಡಿದರು. ಅಟ್ಟೆಯನ್ನ ಹೆಬ್ಬೆರಳಿಂದ ಬಗ್ಗಿಸಿ, ಅಂಟಿನ ಜಾಗ ಮೂಸಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ತಮ್ಮದನ್ನ ತಂದು ಮುಂದಿಟ್ಟರು. ಕೆಳಗೆ ಕಂದು ರಬ್ಬರ್, ಮೇಲೆ ಚರ್ಮ. 1987ರಲ್ಲಿ ಕೊಂಡಿದ್ದು. ರಬ್ಬರ್ ಭಾಗ ನಾಲ್ಕು ಸಲ ಬದಲಾಗಿದೆ ಅಂದರು. ಚರ್ಮ ಅದೇ. ಮೂವತ್ತು ವರ್ಷದ ಎಣ್ಣೆ ಕುಡಿದು ಹಳೇ ಮನೆಯ ಕಂಬದ ಹಾಗೆ ಕಪ್ಪಗಾಗಿತ್ತು.

ಈ ಬೂಟಿಗೊಂದು ಚರಿತ್ರೆ ಇದೆ, ಮೇಯ್ನ್‌ನಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರೋದು. ಲಿಯಾನ್ ಲಿಯಾನ್‌ವುಡ್ ಬೀನ್ ಅಂತ ಒಬ್ಬ, ಫ್ರೀಪೋರ್ಟ್ ಊರಿನವನು, ಬೇಟೆಗೆ ಹೋದಾಗಲೆಲ್ಲ ಕಾಲು ಒದ್ದೆ ಮಾಡಿಕೊಂಡು ಬರ್ತಿದ್ದ. ಚರ್ಮದ ಬೂಟು ಭಾರ, ನೀರು ಕುಡಿಯುತ್ತೆ. ಪೂರ್ತಿ ರಬ್ಬರಿನದ್ದು ಕಾಲಿಗೆ ಕೂರಲ್ಲ, ಒಳಗೆ ಬೆವರು. ಇವನು ಊರಿನ ಚಮ್ಮಾರನನ್ನ ಹಿಡಿದು ರಬ್ಬರ್ ಬೂಟಿನ ಕೆಳಭಾಗಕ್ಕೆ ಹಗುರ ಚರ್ಮದ ಮೇಲ್ಭಾಗ ಹೊಲಿಸಿದ. 1912ರಲ್ಲಿ ಅದನ್ನೇ ವ್ಯಾಪಾರಕ್ಕಿಟ್ಟ. ಬೇರೆ ರಾಜ್ಯಗಳಿಂದ ಮೇಯ್ನ್‌ಗೆ ಬೇಟೆಗೆ ಬರೋರ ಲೈಸೆನ್ಸ್ ಪಟ್ಟಿ ಸಂಪಾದಿಸಿ, ಅವರ ವಿಳಾಸಕ್ಕೆ ಕರಪತ್ರ ಕಳಿಸಿದ (ಈಗಾದರೆ ಇದಕ್ಕೆ ಸ್ಪ್ಯಾಮ್ ಅಂತೀವಿ). ಕೆಲಸ ಮಾಡದಿದ್ದರೆ ಪೂರ್ತಿ ದುಡ್ಡು ವಾಪಸ್ ಅಂತ ಬೇರೆ ಹಾಕಿದ್ದ. ಮೊದಲ 100 ಜೊತೆಯಲ್ಲಿ 90 ವಾಪಸ್ ಬಂದವು! ಮೆತ್ತನೆ ರಬ್ಬರ್ ಹೊಲಿಗೆ ತಡೀಲಿಲ್ಲ, ಚರ್ಮ ಬಿಟ್ಟುಕೊಂಡುಬಂತು. ಆಸಾಮಿ ಮಾತಿಗೆ ತಪ್ಪದೆ ಎಲ್ಲರಿಗೂ ದುಡ್ಡು ಕೊಟ್ಟ, ಸಾಲ ಮಾಡಿ ರಬ್ಬರ್ ಸರಿಮಾಡಿಸಿ ಮತ್ತೆ ಬೂಟು ಮಾಡಿದ. ಎಲ್.ಎಲ್. ಬೀನ್ ಕಂಪನಿ ಹುಟ್ಟಿದ್ದು ಹಾಗೆ. ಫ್ರೀಪೋರ್ಟ್‌ನ ಅವರ ಅಂಗಡಿ 1951ರಿಂದ ದಿನದ 24 ಗಂಟೆಯೂ ತೆರೆದಿರುತ್ತೆ, ಬಾಗಿಲು ಹಾಕಿದ್ದು ಬೆರಳೆಣಿಕೆಯಷ್ಟು ಸಲ. ರಾತ್ರಿ ಎರಡಕ್ಕೆ ಬೇಟೆಗೆ ಹೊರಟವರು ದಾರಿಯಲ್ಲಿ ನಿಲ್ಲಿಸಿ ಸಾಮಾನು ಕೊಳ್ಳಲಿ ಅಂತ. ಬೂಟು ಇವತ್ತಿಗೂ ಮೇಯ್ನ್‌ನ ಬ್ರನ್ಸ್‌ವಿಕ್, ಲೂಯಿಸ್ಟನ್ ಊರುಗಳಲ್ಲೇ ತಯಾರಾಗುತ್ತೆ. ರಬ್ಬರ್ ಸವೆದರೆ ಕಳಿಸಿಕೊಡಬಹುದು, ಹಳೇ ಚರ್ಮಕ್ಕೆ ಹೊಸ ತಳ ಹೊಲಿದು ಕಳಿಸ್ತಾರೆ.

ಅವರ "ಯಾವಾಗ ಬೇಕಾದರೂ ವಾಪಸ್ ಕೊಡಿ" ಅನ್ನೋ ಮಾತು ನೂರು ವರ್ಷ ನಡೀತು. 2018ರ ಫೆಬ್ರವರಿಯಲ್ಲಿ ನಿಲ್ತು. ಈಗ ಒಂದು ವರ್ಷ, ಅದೂ ರಶೀತಿ ಇದ್ದರೆ. ಹಳೇ ಸಾಮಾನಿನ ಸಂತೆಯಲ್ಲಿ ಐದು ಡಾಲರಿಗೆ ಹರಿದ ಬೂಟು ಕೊಂಡು, ಅಂಗಡಿಗೆ ತಂದು ಹೊಸದು ಕೇಳೋರು ಜಾಸ್ತಿಯಾಗಿದ್ದರು. ಐದು ವರ್ಷದಲ್ಲಿ 25 ಕೋಟಿ ಡಾಲರ್ ನಷ್ಟ ಅಂತ ಕಂಪನಿ ಹೇಳ್ತು. ಆ ಸುದ್ದಿ ಬಂದ ದಿನ ಅಜ್ಜ ಪೇಪರ್ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೇ ಬಂದಿದ್ದರು. ಸಿಟ್ಟು ಕಂಪನಿ ಮೇಲೆ ಇರಬಹುದು ಅಂದುಕೊಂಡೆ. ಅಲ್ಲ. ಮೂವತ್ತು ವರ್ಷದಲ್ಲಿ ನಾಲ್ಕು ಸಲ ದುಡ್ಡು ಕೊಟ್ಟೇ ತಳ ಹಾಕಿಸಿದವರು ಅವರು. "ಬೂಟು ಸವೆಯೋದು ಬೂಟಿನ ತಪ್ಪಲ್ಲ" ಅಂದರು. ತಮ್ಮೂರಿನ ಮರ್ಯಾದೆ ಯಾರೋ ಹೊರಗಿನವರು ಬಂದು ಕಳೆದರು ಅನ್ನೋ ಹಾಗೆ ಮುಖ ಮಾಡಿಕೊಂಡು ಕೂತಿದ್ದರು. ನನಗೂ ಅವರ ಮಾತೇ ಸರಿ ಅನಿಸಿತು. ಅಂಗಡಿಯವನ ಮಾತನ್ನ ಗಿರಾಕಿಯೂ ಅರ್ಧ ಹೊರಬೇಕು.

ಅಜ್ಜನ ಸಲಹೆ ಮೇಲೆ 2017ರ ಡಿಸೆಂಬರ್‌ನಲ್ಲಿ ಎರಡನೇ ಜೊತೆ ಕೊಂಡೆ. ಪೂರಾ ಚರ್ಮದ್ದು, ಅಂಟಿನ ಬದಲು ಹೊಲಿಗೆ ಹಾಕಿದ್ದು, 380 ಡಾಲರ್. ಅಪ್ಪನಿಗೆ ಫೋನಲ್ಲಿ ಬಾಯಿತಪ್ಪಿ ಬೆಲೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ರೂಪಾಯಿಗೆ ತಿರುಗಿಸ್ತಿದ್ದರು ಅಂತ ಕಾಣುತ್ತೆ.

"ಇಪ್ಪತ್ನಾಲ್ಕು ಸಾವಿರವೇನೋ? ಕಾಲಿಗೆ?"

"ಹೂಂ ಅಪ್ಪ. ಇಲ್ಲಿ ಚಳಿ..."

"ಅಷ್ಟು ದುಡ್ಡಿಗೆ ಇಲ್ಲಿ ಹಾಲು ಕೊಡೋ ಆಕಳು ಬರ್ತದಲ್ಲೋ ತಮ್ಮಾ. ಅದರ ಚರ್ಮ ಮಾತ್ರ ಅಲ್ಲ, ಪೂರಾ ಆಕಳು."

ಇದಕ್ಕೆ ಏನು ಹೇಳ್ತೀರಿ! ಆಮೇಲೆ ಅಮ್ಮ ಫೋನ್ ಕಿತ್ತುಕೊಂಡು, ಬೆರಳು ಹೇಗಿದೆ ಅಂತ ಕೇಳಿದರು.

ಹೊಲಿಗೆ ವಿಷಯ ಒಂದು ಸ್ವಲ್ಪ ಹೇಳಬೇಕು, ಯಾಕಂದ್ರೆ ಬಾಳಿಕೆಯ ಗುಟ್ಟು ಇರೋದು ಅಲ್ಲೇ. ಈಗಿನ ಹೆಚ್ಚಿನ ಬೂಟುಗಳಲ್ಲಿ ಮೇಲ್ಭಾಗವನ್ನ ಅಟ್ಟೆಗೆ ಅಂಟು ಹಾಕಿ ಒತ್ತಿ ಕೂರಿಸ್ತಾರೆ. ಹಗುರ, ಅಗ್ಗ, ಮೊದಲ ದಿನದಿಂದಲೇ ಮೆತ್ತಗೆ. ಅಂಟು ಬಿಟ್ಟರೆ ಅಥವಾ ಅಟ್ಟೆ ಸವೆದರೆ ಕತೆ ಮುಗೀತು. ಇನ್ನೊಂದು ಕ್ರಮದಲ್ಲಿ ಬೂಟಿನ ಅಂಚಿಗೆ ಸುತ್ತಲೂ ಒಂದು ಚರ್ಮದ ಪಟ್ಟಿಯನ್ನ ಮೇಲ್ಭಾಗದ ಜೊತೆ ಹೊಲೀತಾರೆ. ಅಟ್ಟೆಯನ್ನ ಹೊಲಿಯೋದು ಆ ಪಟ್ಟಿಗೆ, ಮೇಲ್ಭಾಗಕ್ಕಲ್ಲ. ಅಟ್ಟೆ ಸವೆದಾಗ ಹೊರಗಿನ ಹೊಲಿಗೆ ಮಾತ್ರ ಬಿಚ್ಚಿ, ಹೊಸ ಅಟ್ಟೆ ಇಟ್ಟು ಮತ್ತೆ ಹೊಲಿದರೆ ಆಯ್ತು. ಇದಕ್ಕೆ ಗುಡ್‌ಇಯರ್ ವೆಲ್ಟ್ ಅಂತಾರೆ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಬಿಸಿಲಿಗೆ ಅಂಟಂಟಾಗದೆ, ಚಳಿಗೆ ಒಡೆಯದೆ ಉಳಿಯುತ್ತೆ ಅಂತ 1839ರಲ್ಲಿ ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್ ಇದ್ದಾನಲ್ಲ, ಅವನ ಮಗ 1870ರ ದಶಕದಲ್ಲಿ ಈ ಹೊಲಿಗೆಯ ಮಷೀನನ್ನ ಚಾಲ್ತಿಗೆ ತಂದ. ಅಪ್ಪ ರಬ್ಬರಿಗೆ, ಮಗ ಬೂಟಿಗೆ. ಟಯರ್ ಕಂಪನಿ ಇವರದ್ದಲ್ಲ, ಅವರು ಸುಮ್ಮನೆ ಗೌರವಕ್ಕೆ ಹೆಸರಿಟ್ಟುಕೊಂಡರು.

ಅಡಿಯ ಹಲ್ಲುಹಲ್ಲಿನ ರಬ್ಬರಿನದ್ದೂ ಒಂದು ಕತೆ ಇದೆ, ಸಂತೋಷದ್ದಲ್ಲ. 1935ರಲ್ಲಿ ಇಟಲಿ ಕಡೆಯ ಆಲ್ಪ್ಸ್‌ನಲ್ಲಿ ಹವೆ ಕೆಟ್ಟು ಆರು ಜನ ಹತ್ತುವವರು ಸತ್ತರು. ಆಗಿನ ಬೂಟುಗಳಿಗೆ ಅಡಿಯಲ್ಲಿ ಕಬ್ಬಿಣದ ಮೊಳೆ. ಅದು ಬೇಡ ಅನ್ನೋ ಕಡೆ ಮೆತ್ತನೆ ಅಟ್ಟೆ. ಎರಡೂ ಹಿಮಕ್ಕೆ ನಾಲಾಯಕ್ಕು. ಅವರ ಸ್ನೇಹಿತನಾಗಿದ್ದ ವಿತಾಲೆ ಬ್ರಮಾನಿ ಅದೇ ಕೊರಗಲ್ಲಿ ರಬ್ಬರಿನ ಆಳ ಹಲ್ಲಿನ ಅಟ್ಟೆ ಮಾಡಿ 1937ರಲ್ಲಿ ಪೇಟೆಂಟ್ ತಗೊಂಡ. ಅವನ ಹೆಸರು, ಅಡ್ಡಹೆಸರು ಸೇರಿಸಿದರೆ ವಿಬ್ರಮ್. ನನ್ನ ಬೂಟಿನ ಅಡಿಯ ಹಳದಿ ಚೀಟಿಯಲ್ಲಿ ಇರೋದು ಅದೇ ಹೆಸರು.

ಈಗ ನನ್ನ ಲೆಕ್ಕದ ಪುಸ್ತಕ. ಸರ್ವೆಯವನಾದ್ದರಿಂದ ನಡೆದ ದೂರ ಬರೆದಿಡೋ ಚಟ ಇದೆ. ಮೊದಲ ಜೊತೆ ಹದಿನಾಲ್ಕು ತಿಂಗಳು, ಸುಮಾರು 750 ಕಿಲೋಮೀಟರ್. ತಿಂಗಳಿಗೆ ಹೆಚ್ಚುಕಡಿಮೆ ಹದಿನಾರು ಡಾಲರ್. ಎರಡನೇ ಜೊತೆ 2020ರ ವಸಂತದಲ್ಲಿ, 1500 ಕಿಲೋಮೀಟರ್ ಆದಮೇಲೆ, ಮೊದಲ ಸಲ ಅಟ್ಟೆ ಬದಲಿಸಿಕೊಳ್ತು. 2023ರ ಏಪ್ರಿಲ್‌ನಲ್ಲಿ ಎರಡನೇ ಸಲ. ಪ್ರತಿ ಸಲಕ್ಕೂ 120 ಡಾಲರ್. 2025ರ ಡಿಸೆಂಬರಿಗೆ ಎಂಟು ವರ್ಷ, 4000 ಕಿಲೋಮೀಟರ್ ಮುಗೀತು. ಎಲ್ಲ ಸೇರಿ 620 ಡಾಲರ್, ತಿಂಗಳಿಗೆ ಆರೂವರೆ. ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ಲ, ಇಲ್ಲಿ ಕಜ್ಜಾಯ ಕಾಸಿಗಿಂತ ಸ್ವಲ್ಪ ದೊಡ್ಡದೇ ಬಂತು. ಅಪ್ಪನಿಗೆ ಈ ಲೆಕ್ಕ ಒಪ್ಪಿಸಿದೆ. "ಆಕಳಾದ್ರೆ ಎಂಟು ವರ್ಷದಲ್ಲಿ ನಾಲ್ಕು ಕರು ಹಾಕ್ತಿತ್ತು" ಅಂದರು. ಅವರ ಹತ್ತಿರ ಗೆಲ್ಲೋಕಾಗಲ್ಲ.

ಆದರೆ ಹೊಲಿಗೆ ಇದ್ದ ಮಾತ್ರಕ್ಕೆ ಎಲ್ಲವೂ ಎಂಟು ವರ್ಷ ಬರುತ್ತೆ ಅಂತಲ್ಲ. ಬೂಟಿನ ಒಂದೊಂದು ಅಂಗಕ್ಕೆ ಒಂದೊಂದು ಆಯಸ್ಸು. ಮೊದಲು ಹೋಗೋದು ಒಳಗಿನ ಮೆತ್ತೆ, ಆರೇ ತಿಂಗಳಿಗೆ ಚಪಾತಿ. ಹತ್ತು ಹದಿನೈದು ಡಾಲರ್ ಕೊಟ್ಟರೆ ಹೊಸದು ಸಿಗುತ್ತೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಚ್ಚಗಿನ ಹಾಸು ಪಾದದ ಅಡಿಯಲ್ಲಿ ತುಳಿದು ತುಳಿದು ಅಪ್ಪಚ್ಚಿಯಾಗುತ್ತೆ. ಅದರ ಬಿಸಿ ಇರೋದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿ, ಗಾಳಿ ಹೋದರೆ ಬಿಸಿಯೂ ಹೋಯ್ತು. ಆಮೇಲೆ ಗೋರ್‌ಟೆಕ್ಸ್ ಥರದ ಪೊರೆ. ಬೆವರಿನ ಆವಿಯನ್ನ ಹೊರಗೆ ಬಿಟ್ಟು ನೀರನ್ನ ಒಳಗೆ ಬಿಡದ ತೆಳು ಹಾಳೆ ಅದು, ಕಾಲುಚೀಲದ ಹಾಗೆ ಚರ್ಮದ ಒಳಗಡೆ ಕೂತಿರುತ್ತೆ. ಬೆರಳು ಮಡಿಸೋ ಜಾಗದಲ್ಲಿ ಲಕ್ಷಾಂತರ ಸಲ ಮಡಿಸಿಕೊಂಡು, ಒಳಗೆ ಸೇರಿದ ಮರಳು ಉಜ್ಜಿ ಉಜ್ಜಿ, ಒಂದು ದಿನ ಸಣ್ಣ ತೂತು. ಅದಕ್ಕೆ ರಿಪೇರಿ ಇಲ್ಲ. ನನ್ನದು ಐದನೇ ವರ್ಷಕ್ಕೆ ಹೋಯ್ತು. ಈಗ ಇಬ್ಬನಿ, ಒದ್ದೆ ಹುಲ್ಲು ತಡೆಯುತ್ತೆ, ಹಳ್ಳ ತಡೆಯಲ್ಲ. ಅಷ್ಟರಲ್ಲಿ, 2020ರಲ್ಲೇ, ನಾನೂ ಫ್ರೀಪೋರ್ಟ್‌ಗೆ ಹೋಗಿ ರಬ್ಬರ್ ತಳದ ಒಂದು ಜೊತೆ ತಂದಿದ್ದೆ. ಕೆಸರಿದ್ದ ದಿನ ಅದು, ಕಲ್ಲಿದ್ದ ದಿನ ಇದು. ಚರ್ಮ ಒಂದು ಸಲ ಒಳಗಿಂದ ನೆನೆದರೆ ಪೂರಾ ಒಣಗೋಕೆ ಎರಡು ದಿನ ಬೇಕು. ಒಂದೇ ಜೊತೆಯನ್ನ ದಿನವೂ ಹಾಕಿದರೆ ಅದಕ್ಕೆ ಒಣಗೋ ಪುರುಸೊತ್ತೇ ಇಲ್ಲ. ಎರಡು ಜೊತೆ ಇಟ್ಟುಕೊಂಡರೆ ಎರಡರ ಬಾಳಿಕೆಯೂ ಹೆಚ್ಚುತ್ತೆ ಅನ್ನೋದು ಜಿಪುಣರಿಗೆ ನಂಬೋಕೆ ಕಷ್ಟ, ನಿಜ ಮಾತ್ರ ಹೌದು.

ಒಣಗಿಸೋದು ಅಂದಾಗ ನೆನಪಾಯ್ತು. ಇಲ್ಲಿ ಪ್ರತಿ ಮನೆಯಲ್ಲೂ ಸೌದೆ ಒಲೆ. ಸಂಜೆ ಬಂದವರು ಬೂಟು ಬಿಚ್ಚಿ ಒಲೆ ಪಕ್ಕ ಇಡ್ತಾರೆ. ಅಜ್ಜ ಇದನ್ನ ಕಂಡರೆ ಉರಿದುಬೀಳ್ತಾರೆ. ಬೆಂಕಿಗೆ ಒಣಗಿದ ಚರ್ಮ ಹಪ್ಪಳ, ಮಡಿಸಿದಲ್ಲಿ ಬಿರುಕು, ಅಂಟಿದ್ದರೆ ಅದೂ ಸಡಿಲ. ಅವರ ಕ್ರಮ ಹೀಗೆ. ಮೊದಲು ತಣ್ಣೀರಲ್ಲಿ ಕೆಸರು ತೊಳೆದು (ಕೆಸರು ಒಣಗುವಾಗ ಚರ್ಮದ ಪಸೆಯನ್ನೂ ಹೀರಿಕೊಳ್ಳುತ್ತೆ), ಒಳಗಿನ ಮೆತ್ತೆ ಹೊರಗೆ ತೆಗೆದು, ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ, ಗಾಳಿಯಾಡೋ ಕೋಣೆಯಲ್ಲಿ ಬಿಡೋದು. ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು ಬೂಟಿನ ಮೇಲೆ ಬಿಳಿ ಗೆರೆ ಎಳೆದಿರುತ್ತೆ, ಅದನ್ನ ಅವತ್ತೇ ಒರೆಸಬೇಕು. ಸೀಸನ್ನಿಗೆ ಎರಡು ಸಲ ಮೇಣ ಬೆರೆತ ಎಣ್ಣೆ, ಬೆರಳಿಂದಲೇ. ಜಾಸ್ತಿ ಬೇಡ, ಎಣ್ಣೆ ಕುಡಿದು ಕುಡಿದು ಚರ್ಮ ಜೋತುಬಿದ್ದರೆ ಗಂಟು ಹಿಡಿಯೋ ಶಕ್ತಿ ಹೋಗುತ್ತೆ. ನಮ್ಮ ಅಜ್ಜಿ ಹಪ್ಪಳ ಒಣಗಿಸೋಕೆ ಪಡ್ತಿದ್ದ ಶ್ರಮ ಈ ಅಜ್ಜ ಬೂಟು ಒಣಗಿಸೋಕೆ ಪಡ್ತಾರೆ.

ಇಷ್ಟೆಲ್ಲ ನಡೆದರೆ ಸವೆಯುತ್ತೆ ಅಂತ ಹೇಳಿದೆನಲ್ಲ, ನಡೆಯದಿದ್ದರೂ ಸಾಯುತ್ತೆ ಅನ್ನೋದನ್ನ ಹೇಳಲೇಬೇಕು. ನಮ್ಮ ಭಾವ ಬೆಂಗಳೂರಿನವರು. ಯಾರೋ ವಿದೇಶದಿಂದ ತಂದುಕೊಟ್ಟ ಚಾರಣದ ಬೂಟನ್ನ ಎರಡೇ ಸಲ ಹಾಕಿ, ಒರೆಸಿ, ಡಬ್ಬಿಗೆ ಹಾಕಿ ಅಟ್ಟದ ಮೇಲೆ ಜೋಪಾನ ಮಾಡಿದ್ದರು. ಎಂಟು ವರ್ಷ. 2019ರ ಡಿಸೆಂಬರ್‌ನಲ್ಲಿ ನಾನು ಊರಿಗೆ ಹೋದಾಗ ಎಲ್ಲ ಸೇರಿ ಕೊಡಚಾದ್ರಿ ಹತ್ತೋಣ ಅಂತ ಹೊರಟೆವು. ಭಾವನ ಬೂಟು ಹೊಸದರಂತೆ ಫಳಫಳ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ನೋಡಿದರೆ ಇವರು ನಡೆದಲ್ಲೆಲ್ಲ ಬೆಲ್ಲದ ಪುಡಿ ಉದುರಿದ ಹಾಗೆ ಉದುರಿಕೊಂಡು ಬರ್ತಿದೆ. ಹತ್ತು ನಿಮಿಷಕ್ಕೆ ಎರಡೂ ಅಟ್ಟೆ ಮಾಯ. ಅಟ್ಟೆಯ ನಡುವಿನ ಆ ಮೆತ್ತನೆ ಪದರ ಪಾಲಿಯುರಿಥೇನ್‌ನದ್ದು. ಗಾಳಿಯ ತೇವ ಅದರೊಳಗೆ ಸೇರಿ, ಅದರ ಕೊಂಡಿಗಳನ್ನ ಒಂದೊಂದೇ ಕಡಿಯುತ್ತಾ ಹೋಗುತ್ತೆ. ಸೆಖೆ ಮತ್ತು ತೇವ ಎರಡೂ ಇದ್ದರಂತೂ ಹಬ್ಬ. ನಡೀತಾ ಇದ್ದರೆ ಒತ್ತಿ ಬಿಟ್ಟು ಮಾಡಿ ತೇವ ಸ್ವಲ್ಪ ಹೊರಗೆ ಹೋಗುತ್ತೆ, ಮುಚ್ಚಿದ ಡಬ್ಬಿಯಲ್ಲಿ ಅದೂ ಇಲ್ಲ. ಬೆಲೆ ಎಷ್ಟೇ ಇರಲಿ, ಈ ಪದರ ಇದ್ದ ಬೂಟಿಗೆ ಹಾಕಿದರೂ ಹಾಕದಿದ್ದರೂ ಐದರಿಂದ ಹತ್ತು ವರ್ಷದ ಆಸುಪಾಸಲ್ಲಿ ಗಂಡಾಂತರ ಇದ್ದೇ ಇದೆ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯೋ ಊರುಗಳಲ್ಲಿ ಇನ್ನೂ ಬೇಗ. ಭಾವ ಪ್ಯಾಕಿಂಗ್ ದಾರದಲ್ಲಿ ಚರ್ಮವನ್ನ ಪಾದಕ್ಕೆ ಕಟ್ಟಿಕೊಂಡು ಇಳಿದರು. ನನ್ನ ಕಿತ್ತಳೆ ರಿಬ್ಬನ್ ನೆನಪಾಯ್ತು, ಹೇಳಲಿಲ್ಲ. ಇವತ್ತಿಗೂ ಅವರು ಅದು ನಕಲಿ ಮಾಲು ಅಂತಲೇ ವಾದಿಸ್ತಾರೆ :-)

ಬೂಟು ಕೊಳ್ಳೋಕೆ ಹೊರಟವರಿಗೆ ನಾನು ಹೇಳೋದು ಇಷ್ಟು. ಮಳೆಗಾಲಕ್ಕೆ ಎರಡು ಸಲ ಬೆಟ್ಟ ಹತ್ತೋರು ನೀವಾದರೆ 380 ಡಾಲರಿನ ಹೊಲಿಗೆ ಬೂಟು ಬೇಡವೇ ಬೇಡ. ಅದು ಕಾಲಿಗೆ ಒಗ್ಗೋಕೇ ನೂರು ಕಿಲೋಮೀಟರ್ ತಗೊಳ್ಳುತ್ತೆ, ಅಲ್ಲಿಯವರೆಗೆ ಬರೀ ಬೊಬ್ಬೆ. ಅಂಟಿನದ್ದು ಸಾಕು, ಆದರೆ ತಂದದ್ದನ್ನ ಹಾಕಿ, ಎತ್ತಿಡಬೇಡಿ. ವರ್ಷಕ್ಕೆ ನಾನೂರು ಐನೂರು ಕಿಲೋಮೀಟರ್ ದಾರಿಯಿಲ್ಲದಲ್ಲಿ ನಡೆಯೋರು ಮಾತ್ರ ಹೊಲಿಗೆಯದ್ದು ನೋಡಿ. ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ್ದು ಎಷ್ಟು ವರ್ಷ ಬರುತ್ತೆ ಅಂತಲ್ಲ, ಇದಕ್ಕೆ ಹೊಸ ಅಟ್ಟೆ ಹಾಕಿಕೊಡ್ತೀರಾ, ಎಲ್ಲಿ, ಎಷ್ಟಕ್ಕೆ ಅಂತ. 150 ಡಾಲರಿನ ಬೂಟಿಗೆ ಅಟ್ಟೆ ಹಾಕೋಕೆ 120 ಕೇಳಿದರೆ ಅದು ಮೂಗಿಗಿಂತ ಮೂಗುತಿ ಭಾರ.

ಅಜ್ಜನಿಗೆ 2024ರಲ್ಲಿ ಸೊಂಟದ ಆಪರೇಷನ್ ಆಯ್ತು. ಆ ನವೆಂಬರ್ ಅವರು ಕಾಡಿಗೆ ಹೋಗಲಿಲ್ಲ, ಇನ್ನು ಮುಂದೆಯೂ ಹೋಗಲ್ಲ. ಒಂದು ದಿನ ಆ 1987ರ ಬೂಟು ತಂದು "ನಿನಗಾಗುತ್ತಾ ನೋಡು" ಅಂದರು. ಅವರದ್ದು ಹನ್ನೆರಡು ನಂಬರ್, ನನ್ನದು ಎಂಟು. ಎರಡು ಉಣ್ಣೆ ಕಾಲುಚೀಲ ಹಾಕಿ, ಮುಂದೆ ಪೇಪರ್ ತುರುಕಿಯೂ ನೋಡಿದೆ, ಬಕೆಟ್ಟಿನಲ್ಲಿ ಕಾಲಿಟ್ಟ ಹಾಗಿತ್ತು. ಆದರೆ ಒಳಗೆ ಕೈ ಹಾಕಿದರೆ ಅವರ ಬೆರಳುಗಳ ಗುಳಿ ಒಂದೊಂದೂ ಸಿಗ್ತಿತ್ತು. ಮೂವತ್ತೇಳು ವರ್ಷದ್ದು. ಕೊನೆಗೆ ಹದಿನೇಳರ ಮೊಮ್ಮಗನಿಗೆ ಸರಿಹೋಯ್ತು. 2025ರ ನವೆಂಬರ್‌ನಲ್ಲಿ ಹುಡುಗ ಅದನ್ನೇ ಹಾಕಿಕೊಂಡು ಕಾಡಿಗೆ ಹೋಗಿ ಸಂಜೆ ಬರಿಗೈಲಿ ವಾಪಸ್ ಬಂದ. ಜಿಂಕೆ ಕಂಡಿತಾ ಅಂತ ಅಜ್ಜ ಕೇಳಲಿಲ್ಲ. ಕಾಲು ಒದ್ದೆಯಾಯ್ತಾ ಅಂತ ಕೇಳಿದರು. ಇಲ್ಲ ಅಂದ. ಸರಿ, ಪೇಪರ್ ತಗೊಂಡು ಬಾ ಅಂದರು.

ನನ್ನ ಚರ್ಮದ ಜೊತೆಯ ಹಿಮ್ಮಡಿ ಹೊರಗಡೆಗೆ ಓರೆಯಾಗಿ ಸವೆದಿದೆ, ಮುಂಭಾಗದ ಹಲ್ಲು ಮೂರು ಮಿಲಿಮೀಟರ್ ಉಳಿದಿರಬಹುದು. ಹಿಮ ಕರಗಿ ಕೆಸರು ಶುರುವಾಗೋ ಹೊತ್ತಿಗೆ ಮೂರನೇ ಅಟ್ಟೆಗೆ ಕಳಿಸ್ತೀನಿ. ವಾಪಸ್ ಬರೋಕೆ ಆರೆಂಟು ವಾರ. ಅಲ್ಲಿಯವರೆಗೆ ರಬ್ಬರಿನದ್ದೇ ಗತಿ, ಅದು ಕಲ್ಲಿನ ಗೋಡೆ ಮೇಲೆ ಸ್ವಲ್ಪ ಜಾರುತ್ತೆ.